18 ದಿನ ಕಡಿಮೆ ಬಿತ್ತು: ಮಗಳೊಂದಿಗೆ ಮನೆಯಲ್ಲೇ ಕಳೆದ ಒಂದು ವರ್ಷ

ಮಗಳು ಈ ಜೂನ್ ಮೊದಲ ವಾರ ಒಂದನೇ ತರಗತಿಗೆ ಸೇರಿದಳು. ಅವಳ ಜೊತೆಯಲ್ಲಿ ಯುಕೆಜಿ ಮುಗಿಸಿದ ಮಕ್ಕಳಲ್ಲಿ ಹಲವರು ಆಗಲೇ ಎರಡನೇ ತರಗತಿಯಲ್ಲಿದ್ದಾರೆ. ನಡುವಿನ ಒಂದು ವರ್ಷ ಅವಳು ಯಾವ ಶಾಲೆಗೂ ಹೋಗಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ನನ್ನ ಜೊತೆ, ಮೂರು ವರ್ಷದ ತಮ್ಮನ ಜೊತೆ, ಅಜ್ಜಿಯ ಜೊತೆ ಇದ್ದಳು. ಒಂದನೇ ತರಗತಿಗೆ ಇಷ್ಟು ವಯಸ್ಸಾಗಿರಬೇಕು ಎಂಬ ಲೆಕ್ಕದಲ್ಲಿ ಸಿಕ್ಕಿಕೊಂಡ ಮಕ್ಕಳ ತಾಯಂದಿರು, ಆ ವರ್ಷವನ್ನು ಹೇಗೆ ಕಳೆದಿರಿ ಎಂದು ಈಗಲೂ ಫೋನ್ ಮಾಡಿ ಕೇಳುತ್ತಿರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದೆಡೆ ಬರೆದಿಡುತ್ತಿದ್ದೇನೆ.

ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ಸರ್ಕಾರದ ಆದೇಶ 2022ರದ್ದು. ಅದು ಜಾರಿಗೆ ಬರಬೇಕಾಗಿದ್ದದ್ದು 2025–26ರಿಂದ. ಹಾಗಾಗಿ 2025ರ ಮಾರ್ಚ್‌ನಲ್ಲಿ ಮಗಳ ಯುಕೆಜಿ ಮುಗಿದಾಗ ಮನೆಯಲ್ಲಿ ದಿನವೂ ಅದೇ ಮಾತು. ಸಡಿಲಿಕೆ ಸಿಗಬಹುದು ಎಂದು ಎಲ್ಲ ತಂದೆ ತಾಯಂದಿರೂ ಕಾದಿದ್ದರು. ಏಪ್ರಿಲ್ ನಡುವಿನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ, ಆ ಒಂದು ವರ್ಷದ ಮಟ್ಟಿಗೆ, ಐದು ವರ್ಷ ಐದು ತಿಂಗಳು ಸಾಕು ಎಂದು ಪ್ರಕಟಿಸಿದರು. ಟಿ.ವಿ. ಮುಂದೆ ನಿಂತುಕೊಂಡೇ ಬೆರಳು ಮಡಿಸಿ ಎಣಿಸಿದೆ. ಮಗಳು ಹುಟ್ಟಿದ್ದು 2020ರ ಜನವರಿ 19. ಜನವರಿ 1ರೊಳಗೆ ಹುಟ್ಟಿದ್ದರೆ ಆಗುತ್ತಿತ್ತು. ಹದಿನೆಂಟು ದಿನ ಕಡಿಮೆ. ಕ್ಯಾಲೆಂಡರ್ ತೆಗೆದು ಮತ್ತೆ ಎಣಿಸಿದೆ, ಗಂಡನಿಂದಲೂ ಎಣಿಸಿದೆ. ಹದಿನೆಂಟೇ.

ಅವಳು ಓದುತ್ತಿದ್ದ ಶಾಲೆಯವರು ಯುಕೆಜಿಯಲ್ಲೇ ಇನ್ನೊಂದು ವರ್ಷ ಕೂರಿಸಿ ಎಂದರು. ಶುಲ್ಕ 38,000 ರೂಪಾಯಿ, ಅದೇ ಪುಸ್ತಕ, ಅದೇ ಕೊಠಡಿ. ಹಣದ ಮಾತು ಹಾಗಿರಲಿ, ಗೆಳತಿಯರೆಲ್ಲ ಪಕ್ಕದ ಕಟ್ಟಡಕ್ಕೆ ಹೋಗುವಾಗ ತಾನು ಮಾತ್ರ ಹಳೆಯ ಬೆಂಚಿನಲ್ಲಿ ಉಳಿಯುವುದು ಎಂಥದ್ದು ಎಂದು ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಅವಳು ಕೇಳಿಯೇ ಬಿಟ್ಟಳು: "ನಾನು ಫೇಲಾ ಅಮ್ಮ?" ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೆಳಿಗ್ಗೆ ಅತ್ತೆ ಕಾಫಿ ಕೊಡುತ್ತಾ, "ಮನೆಯಲ್ಲಿ ಇರಲಿ ಬಿಡು, ನಾನಿದ್ದೇನೆ" ಎಂದರು. ತೀರ್ಮಾನವಾದದ್ದು ಹಾಗೆ.

ಇಲ್ಲಿ ಒಂದು ಮಾತು. ಕಡ್ಡಾಯ ಶಿಕ್ಷಣದ ಕಾಯ್ದೆ ಅನ್ವಯಿಸುವುದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ಆರು ತುಂಬದ ಮಗುವನ್ನು ಮನೆಯಲ್ಲಿ ಇಟ್ಟುಕೊಂಡರೆ ತಪ್ಪಾಗುತ್ತದೆಯೇ ಎಂಬ ಹೆದರಿಕೆ ನನಗೂ ಇತ್ತು, ಅದಕ್ಕೆ ಆಧಾರವಿಲ್ಲ. ಆದರೆ ಶಾಲೆ ಬಿಡಿಸುವಾಗ ಯುಕೆಜಿಯ ಅಂಕಪಟ್ಟಿ, ಪ್ರಮಾಣಪತ್ರ, ಶುಲ್ಕದ ರಸೀದಿ ಎಲ್ಲವನ್ನೂ ಅಂದೇ ಕೇಳಿ ಪಡೆಯಿರಿ. ನಾನು ಆಮೇಲೆ ನೋಡೋಣ ಎಂದುಕೊಂಡೆ. ಆ ಕಾಗದಗಳಿಗಾಗಿ ನಾಲ್ಕು ಸಲ ಅಲೆದೆ.

ಜೂನ್ ತಿಂಗಳು ಪೂರ್ತಿ ಹಾಳಾಯಿತು. ಒಂಬತ್ತರಿಂದ ಹನ್ನೆರಡರ ತನಕ ಪಾಠ ಎಂದು ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಕಾಪಿ ಪುಸ್ತಕ, ಮಗ್ಗಿ, ಇಂಗ್ಲಿಷ್ ಅಕ್ಷರ. ಮೂರನೇ ದಿನಕ್ಕೆ ಮಗಳು ಪೆನ್ಸಿಲ್ ಎಸೆದಳು, ನಾನು ಗದರಿದೆ, ಚಿಕ್ಕವನು ಪುಸ್ತಕ ಹರಿದ. ಬೀದಿಯಲ್ಲಿ ಸಿಕ್ಕವರೆಲ್ಲ "ಮಗು ಯಾಕೆ ಸ್ಕೂಲಿಗೆ ಹೋಗುತ್ತಿಲ್ಲ" ಎಂದು ಕೇಳುತ್ತಿದ್ದರು. ಪ್ರತಿ ಸಲವೂ ಮಗಳು ನನ್ನ ಸೆರಗಿನ ಹಿಂದೆ ಸರಿಯುತ್ತಿದ್ದಳು.

ವೇಳಾಪಟ್ಟಿ ಕಿತ್ತು ತೆಗೆದವರು ಅತ್ತೆ. ಅವರು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಮೇಡಂ ಆಗಿದ್ದವರು. 1990ರ ದಶಕದ ನಡುವಿನಲ್ಲಿ ನಲಿಕಲಿ ಪದ್ಧತಿ (ಸರ್ಕಾರಿ ಶಾಲೆಗಳಲ್ಲಿ ಆಟ, ಹಾಡು, ಚಟುವಟಿಕೆಗಳ ಮೂಲಕ ಕಲಿಸುವ ಕ್ರಮ) ಮೊದಲು ಶುರುವಾದದ್ದು ಅದೇ ತಾಲ್ಲೂಕಿನಲ್ಲಿ. ನಲಿಕಲಿಯಲ್ಲಿ ಅಕ್ಷರ ಕಲಿಸುವುದು ಅ, ಆ, ಇ, ಈ ಎಂದಲ್ಲ. ರ, ಗ, ಸ, ದ, ಅ ಎಂದು. ಈ ಐದೂ ಕೈಗೆ ಸುಲಭವಾಗಿ ಬಗ್ಗುವ ಅಕ್ಷರಗಳು, ಐದು ಬಂದರೆ ಆಗಲೇ ಪದ ಓದಬಹುದು: ಸರ, ರಸ, ಅರಸ, ಅಗಸ, ಗರಗಸ. "ಅಕ್ಷರಕ್ಕೆ ಅವಸರ ಬೇಡ, ಮೊದಲು ಕೈ ಪಳಗಲಿ" ಎಂದು ಮಗಳ ಮುಂದೆ ಒಂದು ಹಿಡಿ ಹತ್ತಿ ಇಟ್ಟರು.

ಅಲ್ಲಿಂದ ದಿನ ಬೇರೆಯೇ ಆಯಿತು. ಬೆಳಿಗ್ಗೆ ಸ್ನಾನವಾದ ಮೇಲೆ ಇಬ್ಬರೂ ಮಕ್ಕಳು ದೇವರ ಮನೆಯ ಮುಂದೆ ಕುಳಿತು ಬತ್ತಿ ಹೊಸೆಯುವುದು. ಹತ್ತಿಯ ಬೀಜ, ಕಸ ಆರಿಸಿ, ಹಿಂಜಿ, ಅಂಗೈಗೆ ಚೂರು ವಿಭೂತಿ ಹಚ್ಚಿಕೊಂಡು ಹೊಸೆಯಬೇಕು. ಮೊದಲ ವಾರದ ಬತ್ತಿಗಳು ಹೊಟ್ಟೆ ಉಬ್ಬಿದ ಹುಳುಗಳಂತಿದ್ದವು. ಅತ್ತೆ ಒಂದನ್ನೂ ಎಸೆಯಲಿಲ್ಲ. ಎಲ್ಲವನ್ನೂ ಎಣ್ಣೆಯಲ್ಲಿ ಅದ್ದಿ ಹಚ್ಚಿದರು. ತಾನು ಹೊಸೆದ ಬತ್ತಿ ಉರಿಯುವುದನ್ನು ನೋಡುತ್ತಾ ಮಗಳು ಕೈ ಮುಗಿದು ನಿಂತ ಆ ಗಳಿಗೆಯಲ್ಲಿ ನನ್ನ ಎದೆಯ ಭಾರ ಅರ್ಧ ಇಳಿಯಿತು. ಕೈ ಮುಗಿ ಎಂದು ಯಾರೂ ಹೇಳಿರಲಿಲ್ಲ.

ಬತ್ತಿ ಆದ ಮೇಲೆ ರಂಗೋಲಿ. ಏಳರಿಂದ ಒಂದರವರೆಗೆ ನೇರ ಚುಕ್ಕಿ: ನಡುವೆ ಏಳು, ಮೇಲೆ ಕೆಳಗೆ ಐದು, ಮೂರು, ಒಂದು. ಒಟ್ಟು ಎಷ್ಟು ಎಂದರೆ ಮಗಳು ಕುಕ್ಕರುಗಾಲಿನಲ್ಲಿ ಸರಿಯುತ್ತಾ ಎಣಿಸಿ 25 ಎನ್ನುತ್ತಿದ್ದಳು. ಎರಡು ವಾರದ ಮೇಲೆ ಎಣಿಸುವುದನ್ನು ಬಿಟ್ಟು, "ಏಳು, ಅದಕ್ಕೆ ಎರಡು ಐದು, ಎರಡು ಮೂರು, ಎರಡು ಒಂದು" ಎಂದು ಕೂಡಿಸಿ ಹೇಳಿದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಚಿಕ್ಕವನ ಪಾಲಿಗೆ ರಂಗೋಲಿ ಪುಡಿ ಮುಖಕ್ಕೆ ಬಳಿದುಕೊಳ್ಳುವ ವಸ್ತುವಾಗಿತ್ತು. ಕಣ್ಣಿಗೆ ಬಿದ್ದರೆ ಉರಿ, ಆದ್ದರಿಂದ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅಕ್ಕಿ ಹಿಟ್ಟೇ ಒಳ್ಳೆಯದು, ಇರುವೆಗಳಿಗೂ ಊಟವಾಗುತ್ತದೆ.

ಆಗಸ್ಟ್ ಬಂತು. ಗಣೇಶನನ್ನು ಮನೆಯಲ್ಲೇ ಮಾಡೋಣ ಎಂದು ಬಾಯಿ ತಪ್ಪಿ ಹೇಳಿದ್ದೆ, ಮಕ್ಕಳು ಹಿಡಿದುಕೊಂಡರು. ಹಬ್ಬ ಆಗಸ್ಟ್ 27ಕ್ಕೆ. ಮೂರು ವಾರ ಇದೆ, ಸಾಕು ಎಂದುಕೊಂಡೆ. ಸಾಲುವುದಿಲ್ಲ. ಮಾಡುವವರು ಐದು ವಾರ ಇಟ್ಟುಕೊಳ್ಳಿ.

ಕುಂಬಾರಗೇರಿಗೆ ಹೋಗಿ ಜೇಡಿಮಣ್ಣು ತಂದೆವು. ಹತ್ತು ಕಿಲೋಗೆ 250 ರೂಪಾಯಿ ಆಯಿತು. ಅಲ್ಲಿನ ಹಿರಿಯರೊಬ್ಬರು ಮಕ್ಕಳನ್ನು ನೋಡಿ, ಮಣ್ಣಿಗೆ ಹತ್ತಿ ಸೇರಿಸಿ ಕುಟ್ಟಿ ಎಂದು ಹೇಳಿಕೊಟ್ಟರು. ಹತ್ತಿಯ ಎಳೆ ಮಣ್ಣನ್ನು ಹಿಡಿದಿಡುತ್ತದೆ, ಬಿರುಕು ಕಡಿಮೆಯಾಗುತ್ತದೆ. ಮಗಳಿಗೆ ಎಲ್ಲಿಲ್ಲದ ಖುಷಿ, ಏಕೆಂದರೆ ಹತ್ತಿ ಹಿಂಜುವುದು ಅವಳಿಗೆ ಗೊತ್ತಿದ್ದ ಕೆಲಸ. ಎರಡು ದಿನ ನೆನೆಸಿ, ಹಳೆಯ ಪಂಚೆಯಲ್ಲಿ ಸೋಸಿ, ಕಲ್ಲು ತೆಗೆದು, ಚಪಾತಿ ಹಿಟ್ಟಿನ ಹದಕ್ಕೆ ಬರುವ ತನಕ ಹಿತ್ತಿಲ ಕಲ್ಲಿನ ಮೇಲೆ ಕುಟ್ಟಿದೆವು.

ಮೊದಲ ಗಣೇಶ ಮಾಡಿದ ದಿನವೇ ಕುಸಿದ. ಮಣ್ಣು ತೀರಾ ಸಡಿಲವಾಗಿತ್ತು, ಸೊಂಡಿಲು ಗಾಳಿಯಲ್ಲಿ ಚಾಚಿಕೊಂಡಿತ್ತು. ಎರಡನೆಯವನು ಚೆನ್ನಾಗಿ ಬಂದ. ಮಗಳು ಕಡ್ಡಿಯಿಂದ ಕಿವಿಯ ಗೆರೆ ಕೊರೆದಳು, ಚಿಕ್ಕವನು ಕಡಲೆಕಾಯಿ ಗಾತ್ರದ ಇಲಿ ಮಾಡಿದ. ಆದರೆ ಮಳೆಗಾಲ. ನಾಲ್ಕು ದಿನವಾದರೂ ಒಣಗಲಿಲ್ಲ ಎಂದು ನಾನು ಅವಸರಪಟ್ಟು ಫ್ಯಾನ್ ಕೆಳಗೆ ಇಟ್ಟೆ. ಮಾರನೆಯ ಬೆಳಿಗ್ಗೆ ಹೊಟ್ಟೆ ಕುತ್ತಿಗೆಯಿಂದ ಪೀಠದವರೆಗೆ ಸೀಳಿತ್ತು. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಹಸಿ ಇರುತ್ತದೆ. ದಪ್ಪ ಮಣ್ಣು ಸೀಳುವುದು ಅದಕ್ಕೇ. ಮಗಳು ಒಂದು ಮಾತೂ ಆಡದೆ ಆ ಬಿರುಕಿನ ಮೇಲೆ ಬೆರಳು ಓಡಿಸುತ್ತಾ ಕುಳಿತಳು. ತಪ್ಪು ನನ್ನದು ಎಂದು ಅವಳಿಗೆ ಹೇಳಿ ಕ್ಷಮೆ ಕೇಳಿದೆ.

ಮೂರನೆಯ ಸಲ ಎಲ್ಲವನ್ನೂ ಸರಿಯಾಗಿ ಮಾಡಿದೆವು. ಹೊಟ್ಟೆಯನ್ನು ಕೆಳಗಿನಿಂದ ಚಮಚದಲ್ಲಿ ಕೆರೆದು ಟೊಳ್ಳು ಮಾಡಿದೆವು. ಗೋಡೆ ಒಂದು ಬೆರಳು ದಪ್ಪ ಉಳಿಯಿತು. ಸೊಂಡಿಲನ್ನು ಹೊಟ್ಟೆಗೆ ಒರಗಿಸಿದೆವು. ಕೈ ಕಾಲು ಅಂಟಿಸುವಾಗ ಎರಡೂ ಕಡೆ ಕಡ್ಡಿಯಿಂದ ಗೀರು ಹಾಕಿ, ನಡುವೆ ಮಣ್ಣಿನ ಗಂಜಿ ಹಚ್ಚಿ ಒತ್ತಿದೆವು. ಮೊದಲ ಎರಡು ದಿನ ಒದ್ದೆ ಬಟ್ಟೆ ಮುಚ್ಚಿಟ್ಟು, ಆಮೇಲೆ ನೆರಳಿನಲ್ಲೇ ಒಣಗಿಸಿದೆವು. ಕಿವಿಯ ಹಿಂದೆ ಕೂದಲೆಳೆಯಂಥ ಒಂದು ಬಿರುಕು ಬಂತು. ಒಣ ಮಣ್ಣಿನ ಪುಡಿಗೆ ಬೇಕಾದಷ್ಟೇ ನೀರು ಬೆರೆಸಿ ತುಂಬಿದೆವು, ನಿಂತಿತು.

ಬಣ್ಣಕ್ಕೆ ಅಂಗಡಿಯ ಪೇಂಟ್ ಬೇಡ ಎಂದು ಅರಿಶಿನ ಕಲಸಿಕೊಂಡೆವು. ಕೆಂಪು ಬೇಕಲ್ಲ ಎಂದಳು ಮಗಳು. ಅತ್ತೆ ಅರಿಶಿನದ ನೀರಿನ ಬಟ್ಟಲಿಗೆ ಎಲೆ ಅಡಿಕೆಯ ಡಬ್ಬಿಯಿಂದ ಚಿಟಿಕೆ ಸುಣ್ಣ ಹಾಕಿ, "ತಿರುಗಿಸು" ಎಂದರು. ಹಳದಿ ನೀರಿನ ನಡುವೆ ಕೆಂಪು ಎಳೆಯೊಂದು ಸುತ್ತಿಕೊಂಡು ಹರಡಿ, ಬಟ್ಟಲು ಪೂರ್ತಿ ಓಕುಳಿಯಾಯಿತು. ಆರತಿಯ ನೀರು ಕೆಂಪಾಗುವುದನ್ನು ಎಷ್ಟೋ ಸಲ ನೋಡಿದ ಮಗು, ಅದು ಹೇಗೆ ಎಂದು ಕಂಡದ್ದು ಅಂದೇ. ಆಮೇಲೆ ನಿಂಬೆ ರಸ ಹಿಂಡಿ ಮತ್ತೆ ಹಳದಿ ಮಾಡಿದಳು. ಒಂದು ವಾರ ಮನೆಯಲ್ಲಿ ಅರಿಶಿನ, ಸುಣ್ಣ, ನಿಂಬೆ ಉಳಿಯಲಿಲ್ಲ. ಒಂದು ಎಚ್ಚರಿಕೆ: ಸುಣ್ಣ ಕಣ್ಣಿಗೆ ತೀರಾ ಅಪಾಯ, ಅದನ್ನು ದೊಡ್ಡವರೇ ಹಾಕಬೇಕು, ಡಬ್ಬಿ ಕೈಗೆಟುಕಬಾರದು.

ಮೂರನೇ ದಿನದ ವಿಸರ್ಜನೆಗೆ ನಾನು ಸಿದ್ಧಳಿರಲಿಲ್ಲ. ಬಕೆಟ್ಟಿಗೆ ನೀರು ತುಂಬುತ್ತಿದ್ದಂತೆ ಮಗಳು ಗಣೇಶನನ್ನು ತಬ್ಬಿಕೊಂಡು, "ನಾನು ಮಾಡಿದ್ದು, ಕೊಡುವುದಿಲ್ಲ" ಎಂದು ಅಳತೊಡಗಿದಳು. ಮೂರು ಸಲ ಮಾಡಿ ಉಳಿಸಿಕೊಂಡ ಮೂರ್ತಿ; ಅವಳ ಅಳು ನನಗೆ ಅರ್ಥವಾಗುತ್ತಿತ್ತು. ಯಾವ ಸಮಾಧಾನವೂ ಬಾಯಿಗೆ ಬರಲಿಲ್ಲ. ಅತ್ತೆ ಪಕ್ಕದಲ್ಲಿ ಕುಳಿತು, "ಗೌರಿ ಯಾರ ಮನೆಗೆ ಬಂದಿದ್ದಳು?" ಎಂದು ಕೇಳಿದರು. "ತವರುಮನೆಗೆ." "ಗಣಪ ಯಾಕೆ ಬಂದ?" "ಅಮ್ಮನನ್ನು ಕರೆದುಕೊಂಡು ಹೋಗುವುದಕ್ಕೆ." "ಹೊತ್ತಾಯಿತಲ್ಲ, ಅಪ್ಪ ಕಾಯುತ್ತಿರುತ್ತಾನೆ." ಮಗಳು ಸ್ವಲ್ಪ ಹೊತ್ತು ಯೋಚಿಸಿ, ದಾರಿಗೆ ಎಂದು ಒಂದು ಕಡುಬನ್ನು ಎಲೆಯಲ್ಲಿ ಸುತ್ತಿ ಮಡಿಲಲ್ಲಿಟ್ಟು, ತಾನೇ ಇಳಿಸಿದಳು. ಚೆನ್ನಾಗಿ ಒಣಗಿದ ಮಣ್ಣು ನೀರಿಗೆ ಬಿದ್ದೊಡನೆ ಗುಳ್ಳೆ ಬಿಡುತ್ತಾ ಸಣ್ಣಗೆ ಸದ್ದು ಮಾಡುತ್ತದೆ. ಇಬ್ಬರೂ ಬಕೆಟ್ಟಿಗೆ ಕಿವಿಯಿಟ್ಟು, "ಮಾತಾಡುತ್ತಿದ್ದಾನೆ" ಎಂದು ಕೇಳಿಸಿಕೊಂಡರು. ಬೆಳಗಾಗುವಷ್ಟರಲ್ಲಿ ತಳದಲ್ಲಿ ನುಣ್ಣನೆಯ ಕೆಸರು ಮಾತ್ರ ಇತ್ತು.

ಆ ಮಣ್ಣನ್ನು ಚೆಲ್ಲಲಿಲ್ಲ. ಒಣಗಿಸಿ ಡಬ್ಬಿಯಲ್ಲಿಟ್ಟೆವು. ದಸರೆಗೆ ಬೇಕಾಯಿತು.

ನನ್ನ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳು ಪೆಟ್ಟಿಗೆಯಲ್ಲೇ ಇದ್ದವು, ಮಕ್ಕಳಾದ ಮೇಲೆ ಕೂರಿಸಿರಲಿಲ್ಲ. ಸೆಪ್ಟೆಂಬರ್ 22ಕ್ಕೆ ನವರಾತ್ರಿ ಶುರು. ಟ್ರಂಕು, ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ ಐದು ಮೆಟ್ಟಿಲು ಮಾಡಿ ಬಿಳಿ ಪಂಚೆ ಹೊದಿಸಿದೆವು. ಮೆಟ್ಟಿಲು ಬೆಸ ಸಂಖ್ಯೆಯಲ್ಲೇ ಇರಬೇಕು ಎಂದಾಗ ಮಗಳು ಚುಕ್ಕಿ ರಂಗೋಲಿಯನ್ನು ನೆನಪಿಸಿಕೊಂಡು ಒಂದು, ಮೂರು, ಐದು, ಏಳು ಎಂದಳು. ಹೊಸದಾಗಿ ಕೊಂಡದ್ದು ಚನ್ನಪಟ್ಟಣದ ಒಂದು ಜೊತೆ ಬೊಂಬೆ, 450 ರೂಪಾಯಿ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಬೊಂಬೆಗಳವು, ಚಿಕ್ಕವನ ಕೈಗೆ ಧೈರ್ಯವಾಗಿ ಕೊಡಬಹುದಿತ್ತು. ಮಿಕ್ಕದ್ದೆಲ್ಲ ಡಬ್ಬಿಯ ಮಣ್ಣಿನದು: ಶೆಟ್ಟಿ, ಶೆಟ್ಟಿಗಿತ್ತಿ, ಅವರ ಮುಂದೆ ತಕ್ಕಡಿ. ಅಂಗಡಿಗೆ ಬೇಳೆ, ಅಕ್ಕಿ, ಹುರಿಗಡಲೆ ನಿಜವಾದದ್ದೇ. ಸಂಜೆ ಬರುವ ಮಕ್ಕಳಿಗೆ ಮಗಳು ವ್ಯಾಪಾರ ಮಾಡಿ ಚಿಲ್ಲರೆ ಎಣಿಸಿ ಕೊಡುತ್ತಿದ್ದಳು. ಕೆಳಗಿನ ಮೆಟ್ಟಿಲ ಮುಂದೆ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದೆವು. ನಾಲ್ಕನೇ ದಿನಕ್ಕೆ ಹಸಿರು ಪಾರ್ಕು.

ಅತ್ತೆ ಜುಲೈನಿಂದಲೇ ರ, ಗ, ಸ, ದ, ಅ ಅಕ್ಷರಗಳನ್ನು ರಾಗಿಯ ತಟ್ಟೆಯಲ್ಲಿ ಬೆರಳಿನಿಂದ ಬರೆಸುತ್ತಿದ್ದರು. ಮಗಳು ಬರೆಯುತ್ತಿದ್ದಳು, ಅಳಿಸುತ್ತಿದ್ದಳು, ಅದರಲ್ಲಿ ಅಂಥ ಆಸಕ್ತಿ ಕಂಡಿರಲಿಲ್ಲ. ಸಪ್ತಮಿಯ ದಿನ ಸರಸ್ವತಿ ಪೂಜೆಗೆ ಪುಸ್ತಕ ಜೋಡಿಸುತ್ತಿದ್ದೆ. ಹಿಂದಿನಿಂದ ಸೀಮೆಸುಣ್ಣ ಕೆರೆಯುವ ಸದ್ದು. ತಿರುಗಿ ನೋಡಿದರೆ ಕೆಂಪು ನೆಲದ ಮೇಲೆ, ಗೊಂಬೆಗಳ ಮುಂದೆ, ಮೊಣಕೈ ಉದ್ದದ ಮೂರು ಅಕ್ಷರ: ದ ಸ ರ. ಬರೆದು ಮುಗಿಸಿ ಅವಳೇ ದಂಗಾಗಿ ನೋಡುತ್ತಿದ್ದಳು. "ಅಮ್ಮ, ದಸರ! ನನಗೆ ಬರುತ್ತದೆ!" ಕೊನೆಯಲ್ಲಿ ದೀರ್ಘ ಬೇಕು ಎಂದು ನಾನು ಬಾಯಿ ತೆರೆದೆ, ಅತ್ತೆ ಕಣ್ಣಿನಲ್ಲೇ ತಡೆದರು. ವಿಜಯದಶಮಿಯವರೆಗೆ ಆ ಜಾಗವನ್ನು ಒರೆಸಲಿಲ್ಲ.

ವಿಜಯದಶಮಿಯಂದು ಚಿಕ್ಕವನ ಅಕ್ಷರಾಭ್ಯಾಸ. ಶೃಂಗೇರಿಯಲ್ಲಿ ಶಾರದೆಯ ಮುಂದೆ ಮಾಡಿಸುವ ಆಸೆ ಇತ್ತು, ಜ್ವರ ಬಂದು ಆಗಲಿಲ್ಲ. ಮನೆಯಲ್ಲೇ ಅಕ್ಕಿಯ ತಟ್ಟೆ ಇಟ್ಟು, ಅವನ ಬೆರಳನ್ನು ಅಕ್ಕನೇ ಹಿಡಿದು ಬರೆಸಿದಳು. ಫೇಲಾ ಎಂದು ಕೇಳಿದ್ದ ಮಗು ಅದೇ.

ಡಿಸೆಂಬರ್‌ನಲ್ಲಿ ಪಕ್ಕದ ಮನೆಯವರು ಕ್ರಿಸ್ಮಸ್‌ಗೆ ಗೋದಲಿ ಕಟ್ಟುತ್ತಿದ್ದರು. ಅವರ ಮಗನಿಗೆ ಹಸಿರು ಹುಲ್ಲು ಬೇಕಿತ್ತು. ಮಗಳು ನಮ್ಮ ತಟ್ಟೆ, ರಾಗಿ ಎಲ್ಲ ಹೊತ್ತುಕೊಂಡು ಹೋಗಿ, ಎಷ್ಟು ನೀರು ಚಿಮುಕಿಸಬೇಕು ಎಂದು ತಿಳಿಸಿ ಬಂದಳು. ಬಾಲಯೇಸುವಿನ ಪಕ್ಕ ಮಲಗಿದ ಕುರಿ ಅವಳ ಕೈಯದು. ಸಂಕ್ರಾಂತಿಗೆ ಕೊಬ್ಬರಿ ಹೆಚ್ಚಿ, ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ದೆವು (ಪಾಕ ಕೈ ಸುಡುತ್ತದೆ, ಮಕ್ಕಳ ಪಾಲಿಗೆ ಅಚ್ಚು ಬಿಡಿಸುವುದು ಮಾತ್ರ). ಎಳ್ಳು ಬೀರಲು ಹೋದ ಮನೆಗಳಲ್ಲಿ ಶಾಲೆಯ ಪ್ರಶ್ನೆ ಮತ್ತೆ ಬಂತು. ಈ ಸಲ ಅವಳೇ ಉತ್ತರಿಸಿದಳು: "ಜೂನ್‌ಗೆ ಹೋಗುತ್ತೇನೆ. ಈಗ ಮನೆಯಲ್ಲಿ ಕೆಲಸ ಇದೆ."

ಜನವರಿ 19ಕ್ಕೆ ಆರು ತುಂಬಿತು. ಮಾರನೆಯ ದಿನವೇ ಕಾಗದಪತ್ರ ಶುರು ಮಾಡಿದೆ, ಒಳ್ಳೆಯದಾಯಿತು. ಜನನ ಪ್ರಮಾಣಪತ್ರ ತೆಗೆದು ನೋಡಿದರೆ ಮಗುವಿನ ಹೆಸರಿನ ಜಾಗ ಖಾಲಿ. ಹುಟ್ಟಿದಾಗ ಆಸ್ಪತ್ರೆಯಿಂದ ನೋಂದಣಿಯಾಗಿತ್ತು, ಹೆಸರು ಸೇರಿಸಿರಲಿಲ್ಲ. ನರ್ಸರಿಗೆ ಆಸ್ಪತ್ರೆಯ ಚೀಟಿಯಲ್ಲೇ ಕೆಲಸ ನಡೆದಿತ್ತು. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ, ಆಮೇಲೂ ಹದಿನೈದು ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ನನ್ನಿಂದ ಕೇಳಿದ್ದು ಅರ್ಜಿ, ಹಳೆಯ ಪ್ರಮಾಣಪತ್ರ, ಇಬ್ಬರ ಆಧಾರ್, ಆಸ್ಪತ್ರೆಯ ಬಿಡುಗಡೆ ಪತ್ರ. ಒಮ್ಮೆ ಅಧಿಕಾರಿ ರಜೆ, ಒಮ್ಮೆ ಸರ್ವರ್ ಇಲ್ಲ, ಒಮ್ಮೆ ಗಂಡನ ಸಹಿ ಇಲ್ಲ. ಒಟ್ಟು 26 ದಿನ.

ಆಮೇಲೆ ಆಧಾರ್. ಐದು ವರ್ಷದೊಳಗೆ ಕೊಡುವ ನೀಲಿ ಬಣ್ಣದ ಬಾಲ ಆಧಾರ್‌ನಲ್ಲಿ ಬೆರಳಚ್ಚು ಇರುವುದಿಲ್ಲ. ಐದು ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಕೊಟ್ಟು ನವೀಕರಿಸಬೇಕು. ಐದರಿಂದ ಏಳು ವರ್ಷದೊಳಗೆ ಇದಕ್ಕೆ ಶುಲ್ಕವಿಲ್ಲ. ಬೆರಳಚ್ಚು ನಾಲ್ಕು ಸಲ ಪ್ರಯತ್ನಿಸಿದ ಮೇಲೆ ಬಂತು. ಕೈ ತೊಳೆಸಿ ಒರೆಸಿಕೊಂಡು ಹೋಗಿ. ಕ್ರಮವನ್ನು ಮಾತ್ರ ತಪ್ಪಿಸಬೇಡಿ: ಮೊದಲು ಜನನ ಪ್ರಮಾಣಪತ್ರ, ಅದರಲ್ಲಿರುವ ಹಾಗೆಯೇ ಇನಿಷಿಯಲ್ ಸಮೇತ ಆಧಾರ್. ಎರಡರಲ್ಲಿ ಹೆಸರು ಬೇರೆ ಬೇರೆ ಇದ್ದರೆ ಮುಂದೆ ಪ್ರತಿ ಹೆಜ್ಜೆಯಲ್ಲೂ ತೊಡಕು.

ಏಪ್ರಿಲ್‌ನಲ್ಲಿ ಒಂದು ಖಾಸಗಿ ಶಾಲೆಗೆ ಹೋದೆವು. ಒಂದು ವರ್ಷ ಮನೆಯಲ್ಲಿದ್ದಳು ಎಂದ ಕೂಡಲೇ ಮುಖ ಬದಲಾಯಿತು. ಪರೀಕ್ಷೆ ಬರೆಸಿ ನೋಡುತ್ತೇವೆ ಎಂದರು. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರವೇಶಕ್ಕೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆಗೆ ಒಳಪಡಿಸಬಾರದು ಎನ್ನುತ್ತದೆ. ಅಷ್ಟನ್ನು ಮೆಲ್ಲಗೆ ಹೇಳಿ ಎದ್ದು ಬಂದೆವು. ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಸರ್ಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಕಾಗದ ನೋಡುವ ಮೊದಲು ಮಗಳನ್ನು ಪಕ್ಕಕ್ಕೆ ಕರೆದು, "ಏನೇನು ಮಾಡುತ್ತೀಯ ಮನೆಯಲ್ಲಿ?" ಎಂದು ಕೇಳಿದರು. ಉತ್ತರ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ನನಗೆ ಬೇರೆ ಶಾಲೆ ನೋಡಬೇಕು ಅನ್ನಿಸಲಿಲ್ಲ.

ಇಡೀ ವರ್ಷಕ್ಕೆ ಮಣ್ಣು, ಹತ್ತಿ, ಬೊಂಬೆ, ಸ್ಲೇಟು, ಓಡಾಟ ಎಲ್ಲ ಸೇರಿ ಖರ್ಚಾದದ್ದು ಸುಮಾರು 6,000 ರೂಪಾಯಿ. ನನ್ನ ಅರ್ಧ ದಿನದ ಕೆಲಸವನ್ನು ಬಿಡಬೇಕಾಯಿತು, ಆ ಸಂಬಳ ಈ ಲೆಕ್ಕದಲ್ಲಿಲ್ಲ. ಅತ್ತೆ ಇಲ್ಲದಿದ್ದರೆ ನನ್ನೊಬ್ಬಳಿಂದ ಇದು ಆಗುತ್ತಿರಲಿಲ್ಲ. ಮನೆಯಲ್ಲಿ ಹಿರಿಯರಿಲ್ಲದವರು ಹತ್ತಿರದ ಇನ್ನೊಂದು ಮನೆಯ ಜೊತೆ ಸೇರಿಕೊಂಡು ಮಾಡಿ.

ಈ ಸಲ ಅಧಿಕ ಮಾಸ ಬಂದು ಗಣೇಶನ ಹಬ್ಬ ಸೆಪ್ಟೆಂಬರ್ ನಡುವಿಗೆ ಹೋಗಿದೆ. ಶಾಲೆಯಿಂದ ಬಂದ ಮೊದಲ ದಿನ ಮಗಳು ಚೀಲ ಇಳಿಸಿ, ತರಗತಿಯಲ್ಲಿ ಹದಿನಾಲ್ಕು ಮಕ್ಕಳಿದ್ದಾರೆ, ಎಲ್ಲರಿಗೂ ಒಂದೊಂದು ಗಣೇಶ ಮಾಡಲು ಎಷ್ಟು ಕಿಲೋ ಮಣ್ಣು ಬೇಕಾಗುತ್ತದೆ ಎಂದು ಕೇಳಿದಳು. ಡಬ್ಬಿಯಲ್ಲಿ ಹೋದ ವರ್ಷದ್ದು ಎರಡು ಮುಷ್ಟಿ ಉಳಿದಿದೆ. ಭಾನುವಾರ ಕುಂಬಾರಗೇರಿಗೆ ಹೋಗುತ್ತೇವೆ.